ಬೀಡಿ ಸೇದುವುದಿಲ್ಲ ಸರಿ, ಎಲೆಗೆ ಏನೆಲ್ಲ ಹಾಕ್ತೀರಿ? ಬಸುರಿ, ನಿಕೋಟಿನ್, ಮಗುವಿನ ಮಿದುಳು

ಕುಂಬಳೆ ಹೊಳೆಬದಿ

ಮಂಜೇಶ್ವರ, ಕಾಸರಗೋಡು ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ತಯಾರು ಮಾಡುವುದುಂಟು. ಸಿಗುವ ಕರಪತ್ರಗಳೆಲ್ಲ ಸಿಗರೇಟಿನ ಚಿತ್ರಕ್ಕೆ ಅಡ್ಡಗೆರೆ ಎಳೆದು ‘ಧೂಮಪಾನ ಬೇಡ’ ಅಂತ ಮುಗಿಸಿಬಿಡ್ತವೆ. ನಮ್ಮ ಕಡೆ ಸಿಗರೇಟು ಸೇದುವ ಬಸುರಿ ಎಲ್ಲಿದ್ದಾಳೆ ಮಾರಾಯ್ರೆ? ಇರುವುದು ಎಲೆಯಡಿಕೆಯೊಟ್ಟಿಗೆ ಹೊಗೆಸೊಪ್ಪು, ಮನೆಯಲ್ಲಿ ಬೀಡಿ ಕಟ್ಟುವ ಕೆಲಸ, ಗಂಡಸರ ಬೀಡಿ ಹೊಗೆ. ಹಾಗಾಗಿ ಮೂರು ಪ್ರಶ್ನೆ. ಹೊಗೆಯೇ ಇಲ್ಲದೆ ಬರೀ ನಿಕೋಟಿನ್ನಿಂದ ಮಗುವಿನ ಮಿದುಳಿಗೆ ತೊಂದರೆ ಉಂಟಾ? ಬೀಡಿ ಕಟ್ಟಿದರೆ ಅದು ಮೈಗೆ ಹೋಗ್ತದಾ? ಬಿಡಿಸುವಾಗ ಬದಲಿಗೆ ಏನು ಕೊಡಬಹುದು?

ನರತಂತು

ಮೊದಲನೆಯದಕ್ಕೆ ಉತ್ತರ: ಉಂಟು. ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ‘ಹೊಗೆ ಇಲ್ಲವಲ್ಲ’ ಎನ್ನುವ ವಾದ ಎಲ್ಲ ಕಡೆ ಬರ್ತದೆ.

ನರಕೋಶದ ಮೈಮೇಲೆ, ನಮ್ಮ ಮೈಯದೇ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಬಂದು ಕೂರುವ ಗ್ರಾಹಕಗಳಿವೆ. ಅವುಗಳಲ್ಲಿ ಒಂದು ಬಗೆಗೆ ನಿಕೋಟಿನಿಕ್ ಗ್ರಾಹಕ ಎಂದೇ ಹೆಸರು, ಹೊಗೆಸೊಪ್ಪಿನ ನಿಕೋಟಿನ್ ಕೂಡ ಅಲ್ಲೇ ಬಂದು ಕೂರುವುದರಿಂದ. ಐದು ಪ್ರೋಟೀನ್ ತುಂಡುಗಳು ಸುತ್ತ ನಿಂತು ನಡುವೆ ಒಂದು ಕಂಡಿ ಬಿಟ್ಟ ಹಾಗೆ ಅದರ ರಚನೆ. ಕಂಡಿ ತೆರೆದರೆ ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ತವೆ. ಮಿದುಳಿನಲ್ಲಿ ಹೆಚ್ಚಾಗಿ ಇರುವುದು ಆಲ್ಫಾ4ಬೀಟಾ2 ಮತ್ತು ಆಲ್ಫಾ7 ಎಂಬ ಎರಡು ಬಗೆ. ಮನುಷ್ಯರ ಭ್ರೂಣದಲ್ಲಿ ಇವು ಮೊದಲ ಮೂರು ತಿಂಗಳ ಒಳಗೇ ಕಾಣಿಸಿಕೊಳ್ತವೆ. ಮುಟ್ಟು ನಿಂತದ್ದು ಖಾತ್ರಿಯಾಗಿ ಹೆಸರು ಬರೆಸಲು ಬರುವ ಹೊತ್ತಿಗೆ ಗ್ರಾಹಕಗಳು ಕೆಲಸ ಶುರುಮಾಡಿ ಆಗಿರ್ತದೆ.

ಆ ಹೊತ್ತಿನಲ್ಲಿ ನರಕೋಶಗಳ ನಡುವೆ ಸರಿಯಾದ ಸಂಪರ್ಕವೇ ಇರುವುದಿಲ್ಲ. ಹಾಗಾದರೆ ಗ್ರಾಹಕ ಯಾಕೆ? ದೊಡ್ಡವರಲ್ಲಿ ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್, ಭ್ರೂಣದಲ್ಲಿ ಕಟ್ಟೋಣದ ಮೇಸ್ತ್ರಿ. ಕೋಶಗಳು ಯಾವಾಗ ಒಡೆದು ಹೆಚ್ಚುವುದು ನಿಲ್ಲಿಸಬೇಕು, ಎಲ್ಲಿಗೆ ಸರಿಯಬೇಕು, ಯಾವಾಗ ಎಳೆ ಚಾಚಬೇಕು ಎಂಬುದರಲ್ಲಿ ಅದರ ಕೈ ಉಂಟು. ತೋಟಕ್ಕೆ ಸರದಿ ಪ್ರಕಾರ ಗೇಟ್‌ವಾಲ್ವ್ ತಿರುಗಿಸಿ ನೀರು ಬಿಟ್ಟ ಹಾಗೆ: ಬಂತು, ಕೂಡಲೇ ಕಿಣ್ವ ಅದನ್ನು ಒಡೆದು ಹಾಕಿತು, ಮುಗಿಯಿತು. ನಿಕೋಟಿನ್ನನ್ನು ಆ ಕಿಣ್ವ ಒಡೆಯುವುದಿಲ್ಲ. ವಾಲ್ವ್ ತೆರೆದೇ ಇರ್ತದೆ. ಸ್ವಲ್ಪ ಹೊತ್ತಿಗೆ ಗ್ರಾಹಕವೇ ಮರಗಟ್ಟಿ, ನಿಜವಾದ ಸೂಚನೆ ಬಂದರೂ ತೆರೆಯುವುದಿಲ್ಲ. ಎರಡೂ ತಪ್ಪು, ಎರಡೂ ತಪ್ಪು ಹೊತ್ತಿನಲ್ಲಿ.

ಹೊಗೆಯನ್ನು ಬದಿಗಿಟ್ಟು ನಿಕೋಟಿನ್ ಒಂದನ್ನೇ ನೋಡಿದ ಪ್ರಯೋಗಗಳು ಪ್ರಾಣಿಗಳಲ್ಲಿ ಆಗಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥಿಯೊಡೋರ್ ಸ್ಲಾಟ್ಕಿನ್ ತಂಡ ಬಸುರಿ ಇಲಿಗಳ ಚರ್ಮದಡಿ ಸಣ್ಣ ಪಂಪು ಇಟ್ಟು ನಿಕೋಟಿನ್ ಒಂದೇ ಸಮ ಒಸರುವಂತೆ ಮಾಡಿತು. ಪಂಪು ಯಾಕೆಂದರೆ, ಚುಚ್ಚುಮದ್ದಿನಲ್ಲಿ ಒಮ್ಮೆಲೇ ಕೊಟ್ಟರೆ ಗರ್ಭಕೋಶದ ರಕ್ತನಾಳ ಕುಗ್ಗಿ ಮರಿಗೆ ಆಮ್ಲಜನಕ ಕಡಿಮೆಯಾಗ್ತದೆ. ಆಗ ಪೆಟ್ಟು ಯಾವುದರಿಂದ ಅಂತ ಹೇಳಲಿಕ್ಕೆ ಬರುವುದಿಲ್ಲ. ಪಂಪಿನಲ್ಲೂ ಕಂಡದ್ದು: ಕೋಶಗಳು ಹೊತ್ತಿಗೆ ಮೊದಲೇ ಒಡೆಯುವುದನ್ನು ನಿಲ್ಲಿಸಿದವು, ಸಂಖ್ಯೆ ಕಡಿಮೆಯಾಯಿತು, ನೊರಾಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ಎಂಬ ಸಂದೇಶವಾಹಕಗಳ ಜಾಲಗಳು ಮರಿ ಬೆಳೆದ ಮೇಲೂ ಮಂಕಾಗಿದ್ದವು.

ಮಾಸು ಇದಕ್ಕೆ ತಡೆಗೋಡೆ ಅಲ್ಲ, ಇದು ಗೊತ್ತಿರಲಿ. ಮಗುವಿನ ಬದಿಯಲ್ಲಿ ನಿಕೋಟಿನ್ ಮಟ್ಟ ತಾಯಿಯ ರಕ್ತಕ್ಕಿಂತ ಸುಮಾರು 15 ಶೇಕಡಾ ಹೆಚ್ಚೇ ಇರಬಹುದು. ಮಗು ತೇಲುವ ಗರ್ಭದ ನೀರಿನಲ್ಲಿ ಇನ್ನೂ ಹೆಚ್ಚು. ಮಗು ಆ ನೀರಿಗೇ ಮೂತ್ರ ಮಾಡ್ತದೆ, ಅದನ್ನೇ ಮತ್ತೆ ನುಂಗ್ತದೆ.

ಪಡ್ರೆ, ಎಣ್ಮಕಜೆಯ ಊರವರಿಗೆ ‘ಗರ್ಭದಲ್ಲೇ ನರಕ್ಕೆ ಪೆಟ್ಟು’ ಅಂದರೆ ಏನೆಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸುರಿದ ಎಂಡೋಸಲ್ಫಾನ್ ವಿಷಕ್ಕೆ ಹೆದರಿದಷ್ಟು ಎಲೆತಟ್ಟೆಯಲ್ಲಿರುವುದಕ್ಕೆ ನಾವು ಹೆದರುವುದಿಲ್ಲ.

ಸಂದೇಹಿ

ಇಲಿಯ ಮಟ್ಟಿಗೆ ಒಪ್ಪಿದೆ. ಮನುಷ್ಯರ ಬಗ್ಗೆ ಬರೆಯುವಾಗ ಕೈ ಬಿಗಿ ಹಿಡಿಯಬೇಕು. ‘ತಾಯಿ ತಂಬಾಕು ಬಳಸಿದರೆ ಮಗುವಿಗೆ ಗಮನ ಕೊರತೆ ಮತ್ತು ಅತಿಚಟುವಟಿಕೆ ಬರ್ತದೆ’ ಅಂತ ಕರಪತ್ರದಲ್ಲಿ ಹಾಕಿದರೆ ಅದು ಅರ್ಧ ಸತ್ಯ. ನಂಟು ಉಂಟು. ಫಿನ್ಲೆಂಡಿನಲ್ಲಿ ಬಸುರಿಯರ ಶೇಖರಿಸಿಟ್ಟ ರಕ್ತದಲ್ಲಿ ಕೋಟಿನಿನ್ (ನಿಕೋಟಿನ್ ಒಡೆದು ಆಗುವ ವಸ್ತು) ಅಳೆದ 2019ರ ಅಧ್ಯಯನದಲ್ಲಿ, ಮಟ್ಟ ಏರಿದ ಹಾಗೆ ಮಕ್ಕಳಲ್ಲಿ ಈ ತೊಂದರೆಯ ಸಾಧ್ಯತೆಯೂ ಏರಿತ್ತು. ಅತಿ ಹೆಚ್ಚು ಇದ್ದ ಗುಂಪಿನಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಆದರೆ ನಾರ್ವೆಯ ದೊಡ್ಡ ಅಧ್ಯಯನದಲ್ಲಿ ಅಪ್ಪ ಸೇದಿದರೂ ಅದೇ ನಂಟು, ಅಜ್ಜಿ ತನ್ನ ಬಸುರಿನಲ್ಲಿ ಸೇದಿದ್ದರೂ ಅದೇ ನಂಟು. ಒಂದೇ ತಾಯಿ ಒಂದು ಬಸುರಿನಲ್ಲಿ ಸೇದಿ ಇನ್ನೊಂದರಲ್ಲಿ ಬಿಟ್ಟಿದ್ದರೆ, ಆ ಎರಡು ಮಕ್ಕಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅದರಲ್ಲಿ ದೊಡ್ಡ ಪಾಲು ಮನೆತನದ್ದು, ವಂಶದ್ದು ಇರಬಹುದು.

ತೂಕ ಕಡಿಮೆಯಾಗುವುದು, ಹೊಟ್ಟೆಯಲ್ಲೇ ಸಾಯುವುದು, ಹುಟ್ಟಿದ ಮೇಲೆ ನಿದ್ದೆಯಲ್ಲಿ ಉಸಿರು ನಿಲ್ಲುವುದು, ಇವುಗಳ ಆಧಾರ ಗಟ್ಟಿ. ಅದನ್ನು ಮುಂದೆ ಹಾಕಿ. ತುಂಟ ಮಗುವಿನ ಅಮ್ಮನಿಗೆ ‘ನೀನು ಹೊಗೆಸೊಪ್ಪು ತಿಂದದ್ದಕ್ಕೇ ಹೀಗೆ’ ಅಂತ ಹೇಳುವ ಅತ್ತೆಯಂದಿರಿಗೆ ಒಂದು ಕೋಲು ಕೊಡುವುದು ಬೇಡ.

ನರತಂತು

ಸರಿಯಾದ ತಿದ್ದುಪಡಿ. ಉಸಿರಿನ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸ್ತೇನೆ. ಹೆರಿಗೆಯ ಹೊತ್ತಿಗೆ ಪ್ರತಿ ಮಗುವಿಗೂ ಆಮ್ಲಜನಕ ಸ್ವಲ್ಪ ಕಡಿಮೆಯಾಗ್ತದೆ. ಆಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ, ನರದ ಆಜ್ಞೆಗೂ ಕಾಯದೆ ತಾನೇ ಅಡ್ರಿನಲಿನ್ ಸುರಿದು ಹೃದಯ ನಿಲ್ಲದಂತೆ ನೋಡಿಕೊಳ್ತದೆ. ನಿಕೋಟಿನ್ ಉಂಡು ಬೆಳೆದ ಇಲಿಮರಿಗಳಲ್ಲಿ ಗ್ರಂಥಿಯ ಈ ಸ್ವಂತ ಬುದ್ಧಿ ಹೊತ್ತಿಗೆ ಮೊದಲೇ ಹೋಗಿಬಿಟ್ಟಿತ್ತು. ಆಮ್ಲಜನಕ ಇಳಿಸಿದಾಗ ಬೇರೆ ಮರಿಗಳು ಬದುಕಿದವು, ಇವು ಹೆಚ್ಚು ಸತ್ತವು. ಮನುಷ್ಯರ ಬದಿಯಿಂದ ಸ್ವೀಡನ್ನಿನ ಲೆಕ್ಕ ಸಿಗ್ತದೆ. ಅಲ್ಲಿ ತುಟಿಯ ಒಳಗೆ ಇಡುವ ಸ್ನೂಸ್ ಎಂಬ ಒದ್ದೆ ತಂಬಾಕು ಬಳಕೆಯಲ್ಲಿದೆ, ಅದಕ್ಕೆ ಹೊಗೆ ಇಲ್ಲ. ಬಸುರಿನಲ್ಲಿ ಸ್ನೂಸ್ ಇಟ್ಟ ತಾಯಂದಿರ ಶಿಶುಗಳಲ್ಲಿ ಉಸಿರು ತಡೆಯುವ ತೊಂದರೆ ಹೆಚ್ಚುಕಡಿಮೆ ದುಪ್ಪಟ್ಟು. ಕುಂಬಳೆಯವರ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ಇನ್ನೊಂದು: ದೊಡ್ಡವರ ಮೈಯಲ್ಲಿ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು 2 ಗಂಟೆ ಬೇಕು. ಹೊಸ ಶಿಶುವಿನ ಪಿತ್ತಕೋಶ, ಕಿಣ್ವ ಎಲ್ಲ ಇನ್ನೂ ಎಳತು, ಹಾಗಾಗಿ ಸುಮಾರು 11 ಗಂಟೆ.

ಔಷಧಿ ಅಳತೆ

‘ಪಿತ್ತಕೋಶ’ ಅಲ್ಲ ನರತಂತು ಅವರೇ, ಪಿತ್ತಜನಕಾಂಗ. ಕರಪತ್ರಕ್ಕೆ ಹಾಗೇ ಹೋದೀತು.

ನರತಂತು

ಹೌದು, ಲಿವರ್. ಅವಸರ.

ಅಕ್ಕಲಕೋಟ ಕಡೆಯವರು

ನಮ್ಮ ಅಕ್ಕಲಕೋಟ, ಜತ್ತ ಭಾಗದ ಕನ್ನಡ ಊರಾಗ ಇದರದೇ ಇನ್ನೊಂದು ರೂಪ ಐತಿ, ಮಿಸ್ರಿ. ತಂಬಾಕಿನ ಎಲಿ ಹಂಚಿನ ಮ್ಯಾಲ ಕರ್ರಗ ಆಗೂತನಕ ಹುರಿದು, ಕುಟ್ಟಿ ಪುಡಿ ಮಾಡಿ ಡಬ್ಬ್ಯಾಗ ತುಂಬಿಡೂದು. ಮುಂಜಾನೆ ತೋರಬೆರಳಿಲೆ ಹಲ್ಲು, ವಸಡಿಗೆ ತಿಕ್ಕೂದು. ಮೊದಲ ಒಂದ ಸಲ, ಆಮ್ಯಾಲ ಊಟ ಆದಕೂಡ್ಲೆ, ಮಲಗೂ ಮುಂದ, ಹಿಂಗ ದಿನಕ್ಕ ಐದಾರು ಸಲ ಆಗ್ತೈತಿ. ಅಂಗನವಾಡಿಯಾಗ ‘ತಂಬಾಕ ತಿಂತಿಯೇನವಾ?’ ಅಂದ್ರ ‘ಇಲ್ರೀ’ ಅಂತಾರ. ಅದು ಸುಳ್ಳಲ್ಲ. ಅವರ ಪಾಲಿಗೆ ಮಿಸ್ರಿ ಅಂದ್ರ ಹಲ್ಲುಪುಡಿ.

ಮುಂಬೈದಾಗ 1217 ಬಸುರಿ ಹೆಣ್ಣಮಕ್ಕಳ ಮ್ಯಾಲ ಆದ ಅಧ್ಯಯನ 2004ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ್ಯಾಗ ಬಂತು. ಹೊಗಿ ಇಲ್ಲದ ತಂಬಾಕ ಬಳಸಾವ್ರೊಳಗ ಹೆಚ್ಚಿನವರು ಮಿಸ್ರಿಯವರs. ಬ್ಯಾರೆ ಕಾರಣ ಎಲ್ಲಾ ಲೆಕ್ಕಕ್ಕ ತಗೊಂಡ ಮ್ಯಾಲೂ ಕೂಸಿನ ತೂಕ ಸರಾಸರಿ 105 ಗ್ರಾಂ ಕಡಿಮಿ, ಹೆರಿಗಿ ಸುಮಾರು 6 ದಿವಸ ಮೊದಲ. ಅದs ಗುಂಪಿನ ಮ್ಯಾಲ ಮುಂದ ಬಂದ ವರದಿಯಾಗ ಹೊಟ್ಟ್ಯಾಗs ಕೂಸು ಹೋಗೂ ಸಾಧ್ಯತೆ ಎರಡೂವರಿ ಪಟ್ಟು. 105 ಗ್ರಾಂ ಏನ ಮಹಾ ಅನಿಸ್ಬಹುದು. ಮೂರೂವರಿ ಕಿಲೋದ ಕೂಸಿಗೆ ಏನೂ ಅಲ್ಲ. ಎರಡೂವರಿ ಕಿಲೋದ ಗೆರಿ ಮ್ಯಾಲ ನಿಂತ ಕೂಸಿಗೆ ಗೆರಿ ದಾಟಿ ಕೆಳಗ ಬಿದ್ದಂಗ.

ಅದಕ್ಕ ನಿಮ್ಮ ಕರಪತ್ರದಾಗ ‘ತಂಬಾಕು’ ಅನ್ನೋ ಶಬ್ದ ಒಂದs ಹಾಕಬ್ಯಾಡ್ರಿ. ಜನ ಏನಂತಾರೋ ಅದನ್ನ ಹಾಕ್ರಿ.

ಕುಂಬಳೆ ಹೊಳೆಬದಿ

ಇದು ಬಹಳ ಮುಖ್ಯ ಮಾತು. ಇಲ್ಲಿ ಪ್ರಶ್ನೆಪಟ್ಟಿಯಲ್ಲಿ ‘ತಂಬಾಕು ಸೇವನೆ ಇದೆಯೇ’ ಅಂತ ಇರ್ತದೆ. ಕನ್ನಡದವರು ಹೊಗೆಸೊಪ್ಪು ಅಂತಾರೆ, ತುಳುವರು ಪುಗೆರೆ, ಮಲಯಾಳದವರು ಪುಗಯಿಲ. ‘ಸೇವನೆ’ ಎಂದ ಕೂಡಲೇ ಮುಖ ಬಿಗಿಯಾಗ್ತದೆ. ‘ಎಲೆಗೆ ಏನೆಲ್ಲ ಹಾಕ್ತೀರಿ ಅಕ್ಕಾ?’ ಅಂತ ಕೇಳಿದರೆ ಸುಣ್ಣ, ಅಡಿಕೆ, ಹೊಗೆಸೊಪ್ಪು ಅಂತ ಸಾಲಾಗಿ ಬರ್ತದೆ. ಮುಂದಿನ ಪ್ರಶ್ನೆ ‘ದಿನಕ್ಕೆ ಎಷ್ಟು ಸಲ’ ಅಂತ ಅಲ್ಲ, ‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು?’ ಎದ್ದು ಅರ್ಧ ಗಂಟೆಯೊಳಗೆ ಬೇಕೇ ಬೇಕು ಅಂದರೆ ಚಟ ಬಲವಾಗಿದೆ ಎಂದು ಲೆಕ್ಕ.

ಔಷಧಿ ಅಳತೆ

ಸುಣ್ಣದ ಮಾತು ಬಂದದ್ದು ಒಳ್ಳೆದಾಯ್ತು, ಅದನ್ನು ಸುಮ್ಮನೆ ರುಚಿಗೆ ಅಂತ ತಿಳಿಯುವವರೇ ಹೆಚ್ಚು. ನಿಕೋಟಿನ್ ಹುಳಿ ವಾತಾವರಣದಲ್ಲಿ ಲವಣದ ರೂಪದಲ್ಲಿ ಇರ್ತದೆ, ಬಾಯಿಯ ಒಳಪೊರೆ ದಾಟುವುದಿಲ್ಲ. ಕ್ಷಾರದಲ್ಲಿ ಬಿಡಿ ರೂಪಕ್ಕೆ ಬಂದು ಸರಾಗ ದಾಟ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ, ಕ್ಷಾರ ಹೆಚ್ಚಿದಷ್ಟು ಅಂಕಿ ಏರ್ತದೆ) 6ರಲ್ಲಿ ಹೀಗೆ ಬಿಡಿಯಾಗಿರುವುದು ಬರೀ 1 ಶೇಕಡಾ, 8ರಲ್ಲಿ ಅರ್ಧಕ್ಕರ್ಧ, 9ರಲ್ಲಿ ಸುಮಾರು 90. ಅಂದರೆ ಹೊಗೆಸೊಪ್ಪು ಅಷ್ಟೇ ಇದ್ದರೂ ಸುಣ್ಣ ಒಂದು ಬೆರಳು ಹೆಚ್ಚಾದರೆ ರಕ್ತಕ್ಕೆ ಹೋಗುವ ಪ್ರಮಾಣ ಬೇರೆಯೇ. ‘ಉಗುಳಿಬಿಡ್ತೇನೆ, ನುಂಗುವುದಿಲ್ಲ’ ಅನ್ನುವುದರಿಂದ ದೊಡ್ಡ ಪ್ರಯೋಜನ ಇಲ್ಲ. ನುಂಗಿದ್ದರಲ್ಲಿ ಬಹುಪಾಲನ್ನು ಪಿತ್ತಜನಕಾಂಗ ಮೊದಲ ಸುತ್ತಿನಲ್ಲೇ ಒಡೆದು ಹಾಕ್ತದೆ. ಕೆನ್ನೆಯಿಂದ ಹೀರಿದ್ದು ಅಲ್ಲಿಗೆ ಹೋಗುವ ಮೊದಲೇ ಮೈಯೆಲ್ಲ ಸುತ್ತಿ ಬರ್ತದೆ. ದವಡೆಯಲ್ಲಿ ಇಟ್ಟುಕೊಂಡು ಮಲಗುವುದು ಎಲ್ಲಕ್ಕಿಂತ ಕೆಟ್ಟದು.

ಬಸುರಿನಲ್ಲಿ ಇನ್ನೊಂದು ತಮಾಷೆ ನಡೀತದೆ. ನಿಕೋಟಿನ್ ಮೈಯಿಂದ ಹೊರಹೋಗುವ ವೇಗ ಸುಮಾರು 60 ಶೇಕಡಾ ಏರ್ತದೆ. ‘ಬಸುರಿಯಾದ ಮೇಲೆ ಆಸೆ ಜಾಸ್ತಿಯಾಯ್ತು, ಇದು ಬಯಕೆ’ ಅಂತ ಮನೆಯವರೇ ಹೆಚ್ಚು ತಂದುಕೊಡುವುದುಂಟು. ಅದು ಬಯಕೆ ಅಲ್ಲ, ಮೈಯಲ್ಲಿ ಬೇಗ ಖಾಲಿಯಾಗ್ತಾ ಇರುವುದು.

ಮುಳ್ಳೇರಿಯ ತೋಟ

ತರಕಾರಿ ಬೆಳೆಯುವವರ ಕಡೆಯಿಂದ ಒಂದು ವಿಷಯ, ಇದನ್ನು ಯಾರೂ ಬರೆಯುವುದಿಲ್ಲ. ಅಲಸಂಡೆಗೆ ಕಪ್ಪು ಹೇನು ಬಿದ್ದರೆ ಇಲ್ಲಿ ಹೊಗೆಸೊಪ್ಪಿನ ಕಷಾಯ ಹೊಡೆಯುವುದು ವಾಡಿಕೆ. ಅರ್ಧ ಕಿಲೋ ಹೊಗೆಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಹಿಂಡಿ ತೆಗೆದು, 120 ಗ್ರಾಂ ಬಟ್ಟೆಸೋಪನ್ನು ಬೇರೆ ನೀರಿನಲ್ಲಿ ಕರಗಿಸಿ ಬೆರೆಸಿ, ಸೋಸಿ, ಆರೇಳು ಪಟ್ಟು ನೀರು ಸೇರಿಸಿ ಸಿಂಪಡಿಸುವುದು. ‘ಜೈವಿಕ, ವಿಷ ಅಲ್ಲ’ ಅನ್ನುವ ನಂಬಿಕೆಯಲ್ಲಿ ಹಿಂಡುವ ಕೆಲಸ ಮನೆಯ ಹೆಂಗಸರ ಪಾಲಿಗೆ ಬರ್ತದೆ, ಬರಿಗೈಯಲ್ಲಿ.

ಹೇನು ಸಾಯುವುದು ಯಾಕೆ? ನರತಂತು ಹೇಳಿದ ಅದೇ ನಿಕೋಟಿನಿಕ್ ಗ್ರಾಹಕದಿಂದಲೇ. ಅದರ ಮೇಲೆ ಸೋಪು ಕ್ಷಾರ, ಔಷಧಿ ಅಳತೆಯವರು ಹೇಳಿದ ಸುಣ್ಣದ ಕೆಲಸವನ್ನು ಅದು ಚರ್ಮದ ಮೇಲೆ ಮಾಡ್ತದೆ. ಬಸುರಿಯಾಗಲಿ, ಹಾಲು ಕುಡಿಸುವವಳಾಗಲಿ ನೆನೆಸುವುದು, ಹಿಂಡುವುದು, ಹೊಡೆಯುವುದು ಯಾವುದಕ್ಕೂ ಕೈ ಹಾಕಬಾರದು. ಬೇರೆಯವರೂ ರಬ್ಬರ್ ಗ್ಲೌಸ್ ಹಾಕಿಯೇ ಹಿಂಡಬೇಕು. ತಲೆನೋವು, ಜೊಲ್ಲು, ಬೆವರು, ವಾಂತಿ ಬಂದರೆ ಅದು ವಿಷ ಏರಿದ್ದು. ಬಸುರಿಯಲ್ಲಿ ಇದನ್ನು ‘ವಾಂತಿ ಸಹಜ’ ಅಂತ ಬಿಟ್ಟುಬಿಡುವ ಅಪಾಯ ಉಂಟು.

ಬೀಡಿ ಲೆಕ್ಕ

ಕಷಾಯದ ಮಾತು ಓದಿ ಎರಡನೇ ಪ್ರಶ್ನೆಗೆ ಬರ್ತೇನೆ. ಬೀಡಿ ಕಟ್ಟಿದರೂ ನಿಕೋಟಿನ್ ಮೈಗೆ ಹೋಗ್ತದೆ, ಆದರೆ ತಿನ್ನುವಷ್ಟು ಅಲ್ಲ. ತಂಬಾಕು ಬಳಸದ ಬೀಡಿ ಕಾರ್ಮಿಕರ ಮೂತ್ರದಲ್ಲೂ ಕೋಟಿನಿನ್ ಸಿಕ್ಕಿದೆ. ಒಂದು ಬೀಡಿಗೆ ಹುಡಿ ಸುಮಾರು 0.2 ಗ್ರಾಂ ಅಂತ ಇಟ್ಟರೆ ಸಾವಿರ ಬೀಡಿಗೆ 200 ಗ್ರಾಂ. ಗ್ರಾಂಗೆ 20 ಮಿಲಿಗ್ರಾಂ ನಿಕೋಟಿನ್ ಲೆಕ್ಕ ಹಿಡಿದರೆ 4 ಗ್ರಾಂ ಬೆರಳ ತುದಿಯಿಂದ ದಾಟಿ ಹೋಗ್ತದೆ. ಅದರಲ್ಲಿ ಮೈ ಸೇರುವುದು ಸಣ್ಣ ಚೂರು, ಆದರೆ ದಿನಾ.

ಮೈ ಸೇರುವ ದಾರಿ ಮೂರು: ನೆನೆಸಿದ ಎಲೆಯ ಒದ್ದೆಯಲ್ಲಿ ಬೆರಳಿಗೆ ಅಂಟಿದ ಹುಡಿ, ಗೆರಸೆ ಕೊಡವುವಾಗ ಏಳುವ ಧೂಳು, ಅದೇ ಕೈಯಲ್ಲಿ ತಿನ್ನುವ ತಿಂಡಿ. ಗ್ಲೌಸ್ ಹಾಕಿ ಅಂತ ಬರೆಯಬೇಡಿ. ಗ್ಲೌಸ್ ಹಾಕಿ ಎಲೆ ಸುರುಳಿ ಸುತ್ತಿ ಬಾಯಿ ಮಡಚಲಿಕ್ಕೆ ಆಗುವುದೇ ಇಲ್ಲ, ಓದಿದವರು ನಗ್ತಾರೆ. ಆಗುವುದನ್ನು ಹೇಳಿ. ಗೆರಸೆಯನ್ನು ಜಗಲಿಯಲ್ಲಿ, ಗಾಳಿ ಬರುವಲ್ಲಿ ಇಟ್ಟುಕೊಳ್ಳುವುದು. ಹುಡಿ ಜಾಲಿಸುವ, ಕೊಡವುವ ಕೆಲಸ ಬೇರೆಯವರಿಗೆ ಬಿಟ್ಟು ಬಸುರಿ ಎಲೆ ಕತ್ತರಿಸುವುದಕ್ಕೆ, ನೂಲು ಕಟ್ಟುವುದಕ್ಕೆ ಕೂರುವುದು. ಚಾ ಕುಡಿಯುವ ಮೊದಲು ಸೋಪು ಹಾಕಿ ಕೈ ತೊಳೆದು, ಸೋಪು ಉಳಿಯದ ಹಾಗೆ ನೀರು ಸುರಿಯುವುದು. ನೆಲಕ್ಕೆ ಒಣ ಹಿಡಿಸೂಡಿ ಬೇಡ, ಒದ್ದೆ ಬಟ್ಟೆ. ಮಗುವಿಗೆ ಹಾಲು ಕೊಡುವ ಮೊದಲು ಮೇಲಿನ ಬಟ್ಟೆ ಬದಲಿಸುವುದು.

ಸಾವಿರಕ್ಕೆ ಇಷ್ಟು ಅಂತ ಬ್ರಾಂಚಿನಲ್ಲಿ ಮಜೂರಿ ಸಿಗುವ ಮನೆಗೆ ‘ಕೆಲಸ ಬಿಡಿ’ ಅನ್ನುವ ಸಾಲು ಹಾಕಿದರೆ ಉಳಿದ ಸಾಲುಗಳನ್ನೂ ಯಾರೂ ಓದುವುದಿಲ್ಲ.

ಔಷಧಿ ಅಳತೆ

ಮೂರನೇ ಪ್ರಶ್ನೆ, ಬಿಡಿಸುವಾಗ ಬದಲಿಗೆ ಏನು ಕೊಡುವುದು. ಮೊದಲು ಕೊಡಬಾರದ್ದು: ಚಟ ಬಿಡಿಸಲು ಇರುವ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳು ಬಸುರಿಗೆ ಬೇಡ. ಗಲ್ಫಿನಿಂದ ಬಂದವರು ತರುವ ವೇಪ್ (ಇ-ಸಿಗರೇಟು), ತುಟಿಯೊಳಗೆ ಇಡುವ ನಿಕೋಟಿನ್ ಪೌಚ್ ಬೇಡ. ಇ-ಸಿಗರೇಟು ಭಾರತದಲ್ಲಿ 2019ರಿಂದ ನಿಷೇಧ, ಅದು ಬೇರೆ ಮಾತು. ಇದರಲ್ಲಿ ಹೊಗೆ ಹೋದರೂ ನಿಕೋಟಿನ್ ಪೂರ್ತಿ ಉಳೀತದೆ. ‘ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ’ ಕೂಡ ಪರಿಹಾರ ಅಲ್ಲ. ಅಡಿಕೆಯ ಅರೆಕೋಲಿನ್ ಕೂಡ ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲೇ ಕೆಲಸ ಮಾಡುವ ವಸ್ತು, ಅದೂ ಮಾಸು ದಾಟ್ತದೆ. (ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಬರೆದರೆ ಬೈಗುಳ ತಪ್ಪುವುದಿಲ್ಲ, ಗೊತ್ತುಂಟು.)

ಮೊದಲ ಎರಡು ಮೂರು ದಿನ ತಡೆಯುವುದು ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ಇಳೀತದೆ. ಒಂದೊಂದು ಸಲದ ಆಸೆ ಕೆಲವೇ ನಿಮಿಷ ಇರುವುದು. ಆ ಹೊತ್ತಿಗೆ ಬಾಯಿಗೆ ಏನಾದರೂ ಬೇಕು: ಒಣಗಿಸಿದ ನೆಲ್ಲಿಕಾಯಿ ಚೂರು, ಏಲಕ್ಕಿ, ಬಡೆಸೊಪ್ಪು. ಹಲ್ಲುನೋವಿಗೆ, ಮಲಬದ್ಧತೆಗೆ ಅಂತ ಹೊಗೆಸೊಪ್ಪು ಹಿಡಿದವರು ಬಹಳ. ಹಲ್ಲು ತೋರಿಸದೆ, ಹೊಟ್ಟೆಗೆ ದಾರಿ ಮಾಡದೆ ‘ಬಿಡು’ ಅಂದರೆ ನಾಲ್ಕು ದಿನದಲ್ಲಿ ವಾಪಸು. ಹಲ್ಲಿನ ಚಿಕಿತ್ಸೆ ಬಸುರಿನಲ್ಲಿ ಮಾಡಿಸಬಹುದು, ನಡುವಿನ ಮೂರು ತಿಂಗಳು ಹೆಚ್ಚು ಅನುಕೂಲ.

ಸಂದೇಹಿ

ಚಟ ಬಿಡಿಸಲು ಜಗಿಯಲಿಕ್ಕೆ ಕೊಡುವ ನಿಕೋಟಿನ್ ಗಮ್ ಬಗ್ಗೆ ಹೇಳಲೇ ಇಲ್ಲ. ಮಿದುಳಿಗೆ ನಿಕೋಟಿನ್ನೇ ಕೆಡುಕು ಅಂತಾದರೆ ಅದನ್ನು ಕೊಡುವುದು ಹೇಗೆ?

ಔಷಧಿ ಅಳತೆ

ಅದಕ್ಕೇ ಬೇರೆ ಇಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಬಸುರಿಯರಿಗೆ ಆಪ್ತಸಲಹೆಯನ್ನು ಮೊದಲಿಟ್ಟು, ಗಮ್ ಅಥವಾ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಬಗ್ಗೆ ಹೌದು ಅಂತಲೂ ಅಲ್ಲ ಅಂತಲೂ ಶಿಫಾರಸು ಮಾಡಲಿಲ್ಲ. ಇಂಗ್ಲೆಂಡಿನಲ್ಲಿ 1050 ಬಸುರಿಯರಿಗೆ ಪ್ಯಾಚ್ ಅಥವಾ ಹುಸಿ ಪ್ಯಾಚ್ ಕೊಟ್ಟು ನೋಡಿದ್ದರು, 2012ರಲ್ಲಿ ಪ್ರಕಟವಾಯಿತು. ಹೆರಿಗೆಯ ಹೊತ್ತಿಗೆ ಸೇದುವುದು ಬಿಟ್ಟವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಆದರೆ ಎರಡು ವರ್ಷ ಕಳೆದು ಮಕ್ಕಳನ್ನು ನೋಡಿದಾಗ, ಬೆಳವಣಿಗೆಯಲ್ಲಿ ಕೊರತೆ ಇಲ್ಲದವರು ಪ್ಯಾಚ್ ಗುಂಪಿನಲ್ಲಿ 73 ಶೇಕಡಾ, ಇನ್ನೊಂದರಲ್ಲಿ 65. ಇದರಿಂದ ‘ನಿಕೋಟಿನ್ ಒಳ್ಳೆಯದು’ ಅಂತ ಅಲ್ಲ. ಪ್ಯಾಚ್ ಗುಂಪಿನವರು ಮೊದಲ ತಿಂಗಳಲ್ಲಿ ಹೆಚ್ಚು ಮಂದಿ ಸೇದುವುದು ನಿಲ್ಲಿಸಿದ್ದರು, ಪ್ಯಾಚ್ ಕೂಡ ಹೆಚ್ಚಿನವರು ಬೇಗ ತೆಗೆದುಬಿಟ್ಟಿದ್ದರು.

ಅದರಿಂದ ನನ್ನ ಅಭಿಪ್ರಾಯ: ಆಶಾ ಕಾರ್ಯಕರ್ತೆ ಗಮ್ ಕೊಡುವಂತಿಲ್ಲ. ಮಾತಿನಲ್ಲಿ ಆಗದೆ ಇದ್ದರೆ ವೈದ್ಯರು ನೋಡಿ, 2 ಮಿಲಿಗ್ರಾಂನ ಗಮ್, ಬೇಕಾದಾಗ ಮಾತ್ರ. ಪ್ಯಾಚ್ ಆದರೆ ರಾತ್ರಿ ತೆಗೆಯಬೇಕು. ಹೊಗೆಸೊಪ್ಪೂ ಗಮ್ಮೂ ಒಟ್ಟಿಗೆ ಖಂಡಿತ ಬೇಡ. ಗಮ್ಮನ್ನು ಎಲೆಯಡಿಕೆಯ ಹಾಗೆ ಜಗಿದರೆ ರಸ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ನಿಧಾನ ನಾಲ್ಕಾರು ಸಲ ಜಗಿದು, ಖಾರ ಜುಮ್ಮೆಂದ ಕೂಡಲೇ ದವಡೆಯ ಬದಿಗಿಡಬೇಕು. ಜುಮ್ಮು ಇಳಿದ ಮೇಲೆ ಮತ್ತೆ ಜಗಿಯಬೇಕು. ಅರ್ಧ ಗಂಟೆಗೆ ಮುಗೀತದೆ. ಅದಕ್ಕೆ ಮೊದಲಿನ ಕಾಲು ಗಂಟೆ ಪುನರ್ಪುಳಿ ಶರಬತ್ತು, ಲಿಂಬೆ, ಕಾಫಿ ಯಾವುದೂ ಬೇಡ. ಬಾಯಿ ಹುಳಿಯಾದರೆ ಮೇಲೆ ಹೇಳಿದ ಲೆಕ್ಕ ತಿರುಗಿ ಗಮ್ ಹಿಡಿಯುವುದೇ ಇಲ್ಲ, ಆಮೇಲೆ ‘ಇದರಿಂದ ಪ್ರಯೋಜನ ಇಲ್ಲ’ ಅಂತ ಬಿಸಾಡ್ತಾರೆ.

ಅಕ್ಕಲಕೋಟ ಕಡೆಯವರು

ಮಾತಾಡಿ ಬಿಡಿಸಾಕ ಫೋನ್ ಐತ್ರಿ, ತಂಬಾಕಿನ ಪಾಕೀಟಿನ ಮ್ಯಾಲs ಅಚ್ಚಾಗಿರ್ತೈತಿ, 1800-11-2356, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಾಗ ಕನ್ನಡದಾಗs ಮಾತಾಡ್ತಾರ. ಮಲಯಾಳನೂ ಐತಿ, ನಿಮಗ ಎರಡೂ ಬೇಕಾಗ್ತಾವ.

ಕುಂಬಳೆ ಹೊಳೆಬದಿ

ಉಪಕಾರ ಆಯ್ತು. ಎರಡು ಚಿಕ್ಕ ಸಂಶಯ ಉಳಿದಿದೆ. ಐದು ತಿಂಗಳು ಕಳೆದ ಮೇಲೆ ಬಂದವಳಿಗೆ ‘ಇನ್ನು ಬಿಟ್ಟು ಏನು ಪ್ರಯೋಜನ’ ಅನಿಸ್ತದೆ, ಅವಳಿಗೆ ಏನು ಹೇಳುವುದು? ಬಾಣಂತಿ ಹೊಗೆಸೊಪ್ಪು ಬಿಡದಿದ್ದರೆ ಎದೆಹಾಲು ನಿಲ್ಲಿಸಬೇಕಾ?

ನರತಂತು

15 ವಾರದೊಳಗೆ ಸೇದುವುದು ಬಿಟ್ಟವರಲ್ಲಿ ಅವಧಿಪೂರ್ವ ಹೆರಿಗೆ, ಸಣ್ಣ ಮಗು ಇವುಗಳ ಪ್ರಮಾಣ ಸೇದದವರಷ್ಟೇ ಇತ್ತು ಎನ್ನುವುದಕ್ಕೆ ಆಧಾರ ಉಂಟು. ಹಾಗಂತ 15 ಕಡೆಯ ಗಡುವು ಅಲ್ಲ. ಮಿದುಳು ತೂಕ ಹಾಕುವುದು, ಮಡಿಕೆ ಮಡಿಕೆಯಾಗುವುದು ಕೊನೆಯ ಮೂರು ತಿಂಗಳಲ್ಲಿ. ಉಸಿರು ನೋಡಿಕೊಳ್ಳುವ ಮಿದುಳಕಾಂಡದ ಸೆರೊಟೋನಿನ್ ಜಾಲ ಹುಟ್ಟಿದ ಮೇಲೂ ಬೆಳೀತಾ ಇರ್ತದೆ. ಏಳನೇ ತಿಂಗಳಲ್ಲಿ ಬಿಟ್ಟರೂ ಲೆಕ್ಕಕ್ಕೆ ಬರ್ತದೆ.

ಎದೆಹಾಲು ನಿಲ್ಲಿಸಬಾರದು. ನಿಕೋಟಿನ್ ಹಾಲಿಗೆ ಹೋಗ್ತದೆ, ರಕ್ತಕ್ಕಿಂತ ಎರಡು ಮೂರು ಪಟ್ಟು ಸಾಂದ್ರವಾಗಿ. ಆದರೂ ಹಾಲು ತಪ್ಪಿಸಿದ ನಷ್ಟ ದೊಡ್ಡದು. ಬಿಡಲು ಆಗದವಳು ಹಾಲು ಕೊಟ್ಟ ಮೇಲೆ ಹಾಕಿಕೊಳ್ಳಲಿ, ಮೊದಲಲ್ಲ. ಮುಂದಿನ ಹಾಲಿಗೆ ಎರಡು ಗಂಟೆಯಾದರೂ ಸಿಕ್ಕಿದರೆ ಅರ್ಧ ಇಳಿದಿರ್ತದೆ. ಮಗುವನ್ನು ಅಂಗಾತ ಮಲಗಿಸಬೇಕು. ಬೀಡಿ ಸೇದುವ ಅಪ್ಪ ಇರುವ ಹಾಸಿಗೆಯಲ್ಲಿ ಮಗು ಬೇಡ.

ಬೀಡಿ ಲೆಕ್ಕ

ತೊಟ್ಟಿಲು ಕಟ್ಟಿದ ಕೋಣೆಯಲ್ಲಿ ಹುಡಿಯ ಕಟ್ಟು ಇಡುವುದು ಬಹಳ ಮನೆಗಳಲ್ಲಿ ನಡೀತದೆ, ಮಳೆಗಾಲದಲ್ಲಿ ಥಂಡಿ ಹಿಡಿಯದ ಜಾಗ ಅದೊಂದೇ ಅಂತ. ಹುಡಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ ಅಡುಗೆಮನೆ, ಮಲಗುವ ಕೋಣೆ ಎರಡೂ ಬಿಟ್ಟು ಬೇರೆ ಕಡೆ, ಎತ್ತರದಲ್ಲಿ ಇಡಲಿಕ್ಕೆ ಹೇಳಿ. ಮಗು ಅಂಬೆಗಾಲಿಡಲು ಶುರುಮಾಡಿದ ಮೇಲೆ ನೆಲಕ್ಕೆ ಬಿದ್ದ ಒಂದು ಚಿಟಿಕೆಯೂ ನೇರ ಬಾಯಿಗೆ ಹೋಗ್ತದೆ. ಹಾಗೆ ತಿಂದು ಜೊಲ್ಲು ಸುರಿಸಿ ವಾಂತಿ ಮಾಡಿದರೆ ಬೆರಳು ಹಾಕಿ ಮತ್ತೆ ವಾಂತಿ ಮಾಡಿಸುವುದು ಬೇಡ. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆದು ಆಸ್ಪತ್ರೆಗೆ.